ಮಿಸ್ತ್ರಿ ನೂರುಲ್ಲಾ ಸಫಾರಿಗೆ ಹೋದದ್ದು

ಆಫ್ರಿಕಾದ ಕಾಡು ನೋಡಲು ಹೊರಟ ಆಕ್ಲೆಂಡಿನ ಕನ್ನಡದವರು ಟಿಕೆಟ್ ತೆಗೆಸುವ ಮುಂಚೆ ಒಮ್ಮೆ ಸ್ಯಾಂಡ್ರಿಂಗಮ್ ಬಡಾವಣೆಗೆ ಹೋಗಿ ನೂರುಲ್ಲಾ ಸಾಹೇಬರನ್ನು ಕಂಡುಬರುವುದು ಎರಡು ಸಾವಿರದ ಐದರ ಹೊತ್ತಿಗೆ ಒಂದು ರೂಢಿಯೇ ಆಗಿಹೋಗಿತ್ತು. ಸಾಹೇಬರು ಟ್ರಾವೆಲ್ ಏಜೆಂಟರಲ್ಲ. ಮೌಂಟ್ ಆಲ್ಬರ್ಟಿನ ನ್ಯೂ ನಾರ್ತ್ ರೋಡಿನಲ್ಲಿದ್ದ ಒಂದು ಸಣ್ಣ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ, ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದ ಮನುಷ್ಯ.

ಅವರ ಊರು ರಾಣೆಬೆನ್ನೂರು. ಹರಿಹರದಲ್ಲಿ ಲಾರಿ ರಿಪೇರಿ ಮಾಡುವವರ ಕೈಕೆಳಗೆ ಡೀಸೆಲ್ ಎಂಜಿನ್ನಿನ ಕೆಲಸ ಕಲಿತು, ದೂರದ ಸೋದರಮಾವನೊಬ್ಬ ಕರೆದನೆಂದು ಎಂಬತ್ತೈದರಲ್ಲಿ ತಾಂಜಾನಿಯಾ ದೇಶದ ಅರುಷಾ ಪಟ್ಟಣಕ್ಕೆ ಹೋದರು. ಅಲ್ಲೊಂದು ಸಫಾರಿ ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ. ವರ್ಷ ಕಳೆದ ಮೇಲೆ ಹೆಂಡತಿ ಜಮೀಲಾ ಎಂಟು ವರ್ಷದ ಮಗಳು ಫರ್ಹಾನಾಳ ಕೈ ಹಿಡಿದುಕೊಂಡು ಬಂದು ಸೇರಿದಳು. ಅಲ್ಲಿಯವರು ತಮ್ಮ ಸ್ವಾಹಿಲಿ ಭಾಷೆಯಲ್ಲಿ ಮೆಕ್ಯಾನಿಕನನ್ನು ‘ಫುಂಡಿ’ ಎನ್ನುತ್ತಾರೆ. ಹದಿನೆಂಟು ವರ್ಷ ಸಾಹೇಬರು ಫುಂಡಿ ನೂರುಲ್ಲಾ ಆಗಿದ್ದರು. ಸೆರೆಂಗೆಟಿಯ ಬಯಲಿನಲ್ಲಿ ಕೆಟ್ಟು ನಿಂತ ಗಾಡಿಗಳ ಅಡಿಯಲ್ಲಿ ಮಲಗಿಯೇ ಅವರ ಅರ್ಧ ಆಯುಷ್ಯ ಕಳೆಯಿತು. ಮಗಳು ಓದಿ ಫಾರ್ಮಸಿಸ್ಟ್ ಆಗಿ, ಹಮ್ದಾನ್ ಎಂಬ ಇಂಜಿನಿಯರನನ್ನು ಮದುವೆಯಾಗಿ ಆಕ್ಲೆಂಡಿಗೆ ಬಂದು ಮನುಕಾವ್‌ನಲ್ಲಿ ನೆಲೆ ನಿಂತಳು. ಒಬ್ಬಳೇ ಮಗಳು. ಎರಡು ಸಾವಿರದ ಮೂರರಲ್ಲಿ ಅಪ್ಪ ಅಮ್ಮನನ್ನೂ ಕರೆಸಿಕೊಂಡಳು.

ಸಲಹೆ ಕೊಡುವ ಈ ಉದ್ಯೋಗ ಶುರುವಾದದ್ದು ಗ್ಯಾರೇಜಿನಲ್ಲೇ. ಒಬ್ಬ ಮುದುಕ ಕೀವಿ, ಅಂದರೆ ಆ ದೇಶದವನೇ, ತನ್ನ ಯೂಟ್ ಎಂಬ ಸಾಮಾನು ಗಾಡಿಯ ಬ್ರೇಕ್ ನೋಡಿಸಲು ಬಂದವನು, ಈಸ್ಟರ್ ಆದಮೇಲೆ ಹೆಂಡತಿಯ ಜೊತೆ ಸೆರೆಂಗೆಟಿಗೆ ಹೋಗುತ್ತಿದ್ದೇನೆ ಎಂದು ಯಾರಿಗೋ ಹೇಳುತ್ತಿದ್ದ. ಯೂಟಿನ ಅಡಿಯಿಂದ ಸಾಹೇಬರ ತಲೆ ಹೊರಬಂತು. ‘ನೋ ನೋ ಸರ್. ಏಪ್ರಿಲ್ ನೋ ಗುಡ್,’ ಎಂದರು. ಏಪ್ರಿಲ್ ಮೇ ಎಂದರೆ ಅಲ್ಲಿ ದೊಡ್ಡ ಮಳೆಗಾಲ, ಮಣ್ಣಿನ ದಾರಿಯಲ್ಲಿ ಗಾಡಿ ಅಚ್ಚಿನ ತನಕ ಹೂಳುತ್ತದೆ, ಹುಲ್ಲು ಆಳೆತ್ತರ ಬೆಳೆದು ಪ್ರಾಣಿಯೇ ಕಾಣುವುದಿಲ್ಲ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಮುದುಕ ಪ್ರಯಾಣವನ್ನು ಆಗಸ್ಟಿಗೆ ತಳ್ಳಿದ. ಹಿಂದಿರುಗಿ ಬಂದವನು ಒಂದು ಚೀಲ ಕುಮಾರಾ ಗೆಣಸು ಹೊತ್ತು ತಂದು ಗ್ಯಾರೇಜಿನ ಬಾಗಿಲಲ್ಲಿಟ್ಟು, ಸಾಹೇಬರ ಎಣ್ಣೆಗೈಯನ್ನು ಹಿಡಿದು ಕುಲುಕಿದ. ಈ ಸುದ್ದಿ ಸ್ಯಾಂಡ್ರಿಂಗಮ್ಮಿನ ದಿನಸಿ ಅಂಗಡಿಗಳಿಗೆ ಹೋಯಿತು. ಅಲ್ಲಿಗೆ ಹೋದ ಸುದ್ದಿ ಆಮೇಲೆ ಯಾರ ಮನೆಗೂ ಹೋಗದೆ ಉಳಿಯುವುದಿಲ್ಲ.

ಹೀಗಾಗಿ ಶನಿವಾರ ಮಧ್ಯಾಹ್ನ ಅವರ ಎರಡು ಕೋಣೆಯ ಮನೆಗೆ ಯಾರಾದರೂ ಬರುತ್ತಿದ್ದರು. ಸಾಹೇಬರು ಊಟದ ಮೇಜಿನ ಮೇಲೆ ಹಳೆಯ ನಕ್ಷೆ ಹಾಸುವರು. ಜಮೀಲಾ ಚಹಾ ತಂದಿಟ್ಟು, ನಕ್ಷೆಯ ಮೂಲೆ ಏಳದಂತೆ ಬಿಸ್ಕತ್ತಿನ ತಟ್ಟೆಯನ್ನು ಅದರ ಮೇಲಿಟ್ಟು ಹೋಗುವಳು. ಮನೆಯಲ್ಲಿ ಗಂಡ ಹೆಂಡತಿ ಉರ್ದು ಆಡುತ್ತಿದ್ದರಾದರೂ ಜಮೀಲಾ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಮನಸ್ಸಿನ ಮಾತು, ಸಿಟ್ಟಿನ ಮಾತು ಎರಡೂ ಅವಳ ಬಾಯಲ್ಲಿ ಕನ್ನಡದಲ್ಲೇ ಬರುತ್ತಿದ್ದವು. ಬೇರೆ ಕನ್ನಡದವರು ಮನೆಯಲ್ಲಿದ್ದರಂತೂ ಉರ್ದು ಬಾಗಿಲಾಚೆಗೇ ಉಳಿಯುತ್ತಿತ್ತು.

ಎರಡು ಸಾವಿರದ ಆರರ ಮೇ ತಿಂಗಳ ಒಂದು ಶನಿವಾರ ಪದ್ಮನಾಭ ಮತ್ತು ಚಂಪಾ ಬಂದರು. ಮೈಸೂರಿನವರು, ಮೌಂಟ್ ಆಲ್ಬರ್ಟಿನಲ್ಲಿ ಮನೆ. ಪದ್ಮನಾಭ ಸಾಫ್ಟ್‌ವೇರಿನವನು. ಜುಲೈ ತಿಂಗಳ ಶಾಲೆ ರಜೆಯಲ್ಲಿ ಮಗಳು ಮಾನ್ಯಳನ್ನೂ ಕರೆದುಕೊಂಡು ಹೋಗುವ ಪ್ಲಾನನ್ನು ಕಂಪ್ಯೂಟರಿನಲ್ಲಿ ಗಂಟೆ ಗಂಟೆಗೆ ಬರೆದು, ಪ್ರಿಂಟು ಹಾಕಿಸಿ ತಂದಿದ್ದ. ಐದು ದಿನಕ್ಕೆ ಐದು ಕಾಡು.

ಸಾಹೇಬರು ಕನ್ನಡಕ ಏರಿಸಿ ಆ ಹಾಳೆಯನ್ನು ಓದಿದರು. ಮಡಚಿ ಮೇಜಿನ ಮೇಲಿಟ್ಟರು.

‘ಇದು ಚಲೋ ಐತಿ. ಖರೆ ಇದನ್ನ ಮಾಡಾಕ ರೆಕ್ಕಿ ಬೇಕು,’ ಎಂದರು. ‘ನಕ್ಷಾದಾಗ ಒಂದ್ ಬೆರಳಷ್ಟ ಕಾಣತೈತಿ ನೋಡ್ರಿ, ದಾರಿಯೊಳಗ ಅದು ಒಂದ್ ದಿನ. ಆ ರೋಡಿನಾಗ ದಿನಾ ಆರ್ ತಾಸು ಕುಂತ್ರ ನಿಮ್ ಕೂಸು ಸಿಂಹಾ ಬಂದ್ರೂ ಕಣ್ ತೆಗೆಯಂಗಿಲ್ಲ. ಮೂರು ಜಾಗಾ ಸಾಕು. ದಿನಾ ಹೆಚ್ಚಾದ್ರೂ ಆಗಲಿ, ಒಂದೊಂದ್ರಾಗ ಎರಡು ರಾತ್ರಿ ಇರ್ರಿ.’

‘ಮತ್ತೆ ಎಲ್ಲಾ ಪ್ರಾಣಿಗಳೂ ಸಿಗ್ತವಾ ಅಂಕಲ್?’ ಎಂದ ಪದ್ಮನಾಭ.

‘ಸಿಕ್ಕಷ್ಟು ಸಿಗತಾವ. ಅವೇನು ನಿಮ್ಮ ಆಫೀಸಿನ್ಯಾಗ ಇಲ್ಲಲ್ರಿ, ಟೈಮಿಗೆ ಬರಾಕ.’

ಆಮೇಲೆ ಒಂದೊಂದಾಗಿ ಹೇಳಿದರು. ಹಳದಿ ಜ್ವರದ ಸೂಜಿಯನ್ನು ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡು ಅದರ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಡಬೇಕು. ಮಲೇರಿಯಾ ಮಾತ್ರೆಯನ್ನು ತಿರುಗಿ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು, ಊರು ಬಂತಲ್ಲ ಎಂದು ಬಿಡಬಾರದು. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ, ಗಾಡಿಯ ಹಿಂದಿನ ಜಾಗಕ್ಕೆ ಒತ್ತಿದರೆ ಮಣಿಯುವ ಬಟ್ಟೆ ಚೀಲ ಬೇಕು. ನೀಲಿ ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ, ಅದು ಅಂಗಿಯ ಮೇಲಿಂದಲೇ ಕಚ್ಚುತ್ತದೆ. ಮಣ್ಣಿನ ಬಣ್ಣದ ಬಟ್ಟೆಯಾದರೆ ಧೂಳೂ ಕಾಣುವುದಿಲ್ಲ. ಆಫ್ರಿಕಾ ಎಂದರೆ ಸೆಕೆ ಎಂದು ತಿಳಿದವರೆಲ್ಲ ಗೋರೊಂಗೊರೊ ಗುಡ್ಡದ ಅಂಚಿನಲ್ಲಿ ಜುಲೈ ಮುಂಜಾನೆ ಗಡಗಡ ನಡುಗುತ್ತಾರೆ, ಇಲ್ಲಿಯ ಚಳಿಯ ಜಾಕೆಟ್ಟೇ ಅಲ್ಲಿಗೂ ಬೇಕು. ಕ್ಯಾಮೆರಾ ಊರಲು ಸ್ಟ್ಯಾಂಡು ಹೊರಬೇಡಿ, ಖಾಲಿ ಬಟ್ಟೆಚೀಲ ಒಯ್ದು ಅಲ್ಲಿ ಕಾಳು ತುಂಬಿಸಿ ಕಿಟಕಿಯ ಮೇಲಿಡಿ, ಬರುವಾಗ ಕಾಳನ್ನು ಅಡುಗೆಯವನಿಗೆ ಕೊಟ್ಟುಬನ್ನಿ. ಒಂದು ಕಾಳು ಚೀಲದಲ್ಲಿ ಉಳಿದರೂ ಆಕ್ಲೆಂಡ್ ಏರ್‌ಪೋರ್ಟಿನವರು ಬಿಡುವುದಿಲ್ಲ.

‘ನಮ್ಮದು ಪೂರ್ತಿ ವೆಜಿಟೇರಿಯನ್ನು. ಮೊಟ್ಟೇನೂ ಇಲ್ಲ,’ ಎಂದಳು ಚಂಪಾ ಅನುಮಾನದಿಂದ. ‘ಅಲ್ಲಿ ಊಟಕ್ಕೆ ಏನು ಮಾಡೋದು ಅಂಕಲ್?’

ಸಾಹೇಬರು ಹೆಂಡತಿಯನ್ನು ಕೂಗಿದರು. ಅಡುಗೆಮನೆಯಿಂದ ಜಮೀಲಾ ಬಂದಳು. ‘ಏನ್ ಹೆದರಬ್ಯಾಡವ್ವಾ. “ಸಿಲಿ ನ್ಯಾಮಾ, ಸಿಲಿ ಮಾಯಾಯ್” ಅನ್ನು. ಮಾಂಸ ತಿನ್ನಂಗಿಲ್ಲ, ತತ್ತಿ ತಿನ್ನಂಗಿಲ್ಲ ಅಂತ ಆತು. ಅಲ್ಲಿ ಚಪಾತಿಗೆ ಚಪಾತಿನ ಅಂತಾರ. ಕಾಳಿನ ಪಲ್ಯಾ, ಕೋಸಿನ ಪಲ್ಯಾ ಮಸ್ತ್ ಮಾಡತಾರ. ಉಪ್ಪಿನಕಾಯಿ ಒಂದು ಸಣ್ಣ ಬಾಟ್ಲಿ ನಾ ಕೊಡತೀನಿ, ಗಟ್ಟಿ ಮುಚ್ಚಿ ಒಯ್ಯಿ.’

ಚಂಪಾ ಆ ಎರಡು ಮಾತುಗಳನ್ನು ಬರೆದುಕೊಂಡಳು. ಜಮೀಲಾಳ ಮುಖವನ್ನೇ ನೋಡುತ್ತಾ ಪ್ರೀತಿಯಿಂದ ಕೇಳಿದಳು: ‘ಆಂಟಿ, ನೀವು ಅಷ್ಟೊಂದು ವರ್ಷ ಅಲ್ಲೇ ಇದ್ರಿ. ನಿಮಗೆ ಯಾವ ಪ್ರಾಣಿ ತುಂಬಾ ಇಷ್ಟ ಆಯ್ತು?’

‘ನಾ ಎಲ್ಲಿ ನೋಡೀನವ್ವಾ?’ ಜಮೀಲಾ ಕಪ್ಪಿಗೆ ಚಹಾ ಬಗ್ಗಿಸುತ್ತಲೇ ಅಂದಳು. ‘ಹದಿನೇಳು ವರ್ಷ ಇದ್ದೆ. ಬಾಳಿಹಣ್ಣು ಕದಿಯಾಕ ಮಂಗ್ಯಾ ಬರ್ತಿದ್ವು, ಅವನ್ನ ನೋಡೀನಿ. ಮತ್ತ ಇವರ ಅಂಗಿ ಒಗದು ಒಗದು ಸೆರೆಂಗೆಟಿ ಧೂಳು ನೋಡೀನಿ. ಅಷ್ಟ.’

ಮಾತಿನಲ್ಲಿ ದೂರಿರಲಿಲ್ಲ, ಚುಚ್ಚೂ ಇರಲಿಲ್ಲ. ಚಂಪಾ ನಕ್ಕಳು, ಜಮೀಲಾಳೂ ನಕ್ಕಳು. ಸಾಹೇಬರಿಗೆ ಮಾತ್ರ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗಲಿಲ್ಲ. ಮುಂದೆ ಅವರು ಏನು ಸಲಹೆ ಕೊಟ್ಟರೋ ಅವರಿಗೇ ನೆನಪುಳಿಯಲಿಲ್ಲ.

ಹೌದಲ್ಲ, ಇವಳನ್ನು ನಾನು ಕರೆದುಕೊಂಡೇ ಹೋಗಿರಲಿಲ್ಲವಲ್ಲ. ಈ ವಿಷಯ ಹದಿನೇಳು ವರ್ಷದಲ್ಲಿ ಒಂದು ದಿನವೂ ತನ್ನನ್ನು ಕಾಡಲಿಲ್ಲ ಎಂಬುದು ಅವರಿಗೆ ಹೆಚ್ಚು ಕೆಡುಕೆನಿಸಿತು. ಕಾರಣಗಳೇನೋ ಇದ್ದವು. ಜುಲೈಯಿಂದ ಅಕ್ಟೋಬರಿನ ತನಕ ಪ್ರವಾಸಿಗರ ಸುಗ್ಗಿ, ಫುಂಡಿಗೆ ರಜೆ ಎಂಬುದೇ ಇಲ್ಲ. ಮಳೆಗಾಲದಲ್ಲಿ ಗಾಡಿಗಳನ್ನೆಲ್ಲ ಬಿಚ್ಚಿ ಹರವಿ ಮತ್ತೆ ಜೋಡಿಸುವ ಕೆಲಸ. ಒಮ್ಮೆ, ತೊಂಬತ್ತಮೂರರಲ್ಲಿ, ಹೊರಟೇ ಬಿಟ್ಟಿದ್ದರು. ಕಂಪನಿಯ ಖಾಲಿ ಗಾಡಿಯೊಂದು ಗೋರೊಂಗೊರೊಗೆ ಸಾಮಾನು ಒಯ್ಯುವುದಿತ್ತು. ಜಮೀಲಾ ಬೆಳಗಿನ ಜಾವ ಎದ್ದು ಪೂರಿ ಕರಿದು, ಬಟಾಟೆ ಪಲ್ಯ ಮಾಡಿ, ಮಗಳಿಗೆ ಹೊಸ ಸ್ವೆಟರ್ ಹಾಕಿಸಿ ಕೂತಿದ್ದಳು. ಹೊರಡುವ ಹೊತ್ತಿಗೆ ಸರಿಯಾಗಿ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು: ಸೆರೆಂಗೆಟಿಯ ನಡುಮಧ್ಯೆ ಜರ್ಮನಿಯ ಪ್ರವಾಸಿಗರ ಗಾಡಿಯ ಆಕ್ಸಲ್ ಮುರಿದಿದೆ. ಖಾಲಿ ಗಾಡಿಗೆ ಸಾಮಾನಿನ ಜೊತೆ ಆಕ್ಸಲ್ಲೂ ಏರಿತು. ‘ಗಾಡಿಯೊಳಗ ಜಾಗಾ ಇಲ್ಲ, ಇನ್ನೊಮ್ಮೆ ಹೋಗೂಣು,’ ಎಂದು ಹೇಳಿ ಸಾಹೇಬರು ಒಬ್ಬರೇ ಹೋದರು. ಮೂರು ದಿನ ಬಿಟ್ಟು ಬಂದರು. ಇನ್ನೊಮ್ಮೆ ಎನ್ನುವುದು ಬರಲೇ ಇಲ್ಲ.

ಆ ರವಿವಾರ ಅವರು ಹೆಂಡತಿಯ ಜೊತೆ ಮನುಕಾವ್‌ಗೆ ಹೋಗಿ ಮಗಳಿಗೆ ಈ ವಿಷಯ ಹೇಳಿದರು. ಫರ್ಹಾನಾ ತಕ್ಷಣ, ‘ಅಬ್ಬಾಜಾನ್, ಕರಕೊಂಡು ಹೋಗ್ರಿ. ನಿಮ್ಮಿಬ್ಬರ ಟಿಕೆಟ್ ನಂದು,’ ಎಂದಳು. ಜಮೀಲಾ ಒಪ್ಪಲಿಲ್ಲ. ‘ಈಗ್ಯಾಕ? ಮಣಕಾಲು ನೋಯ್ತಾವ. ಆನಿ ನೋಡಾಕ ಅಷ್ಟ ದೂರ ಹೋಗಬೇಕೇನು? ಇಲ್ಲೇ ಝೂದಾಗ ಐತಿ,’ ಎಂದು ಎದ್ದು ಮೊಮ್ಮಗನಿಗೆ ಹಣ್ಣು ಹೆಚ್ಚಲು ಹೋದಳು. ಸಾಹೇಬರು ವಾರಕ್ಕೊಮ್ಮೆಯಂತೆ ಕೇಳಿದರು. ವಾರಕ್ಕೊಮ್ಮೆಯಂತೆ ಬೇಡವೆಂದಳು. ಅವರಿಗೆ ಎಂಜಿನ್ನಿನ ಭಾಷೆ ಗೊತ್ತು, ಎಲ್ಲಿ ತಡೆದಿದೆ ಎಂದು ಶಬ್ದದಲ್ಲೇ ಹೇಳುತ್ತಿದ್ದರು. ಹೆಂಡತಿಯ ‘ಬ್ಯಾಡ’ ಎಲ್ಲಿ ತಡೆದಿದೆ ಎಂಬುದು ತಿಳಿಯಲಿಲ್ಲ.

ಆಗಸ್ಟಿನಲ್ಲಿ ಪದ್ಮನಾಭನ ಮನೆಯಿಂದ ಊಟಕ್ಕೆ ಕರೆ ಬಂತು. ಮೂರು ಜಾಗವನ್ನಷ್ಟೇ ನೋಡಿ ಬಂದಿದ್ದರು, ಮೂವರ ಮುಖದಲ್ಲೂ ಬಿಸಿಲಿನ ಬಣ್ಣವಿತ್ತು. ಊಟವಾದ ಮೇಲೆ ಟಿವಿಯ ಮೇಲೆ ಫೋಟೋ ತೋರಿಸಿದರು. ‘ದಿಸ್ ಒನ್ ಈಸ್ ಮೈನ್, ಆಂಟಿ!’ ಎಂದು ಮಾನ್ಯ ತಾನು ತೆಗೆದ ಜಿರಾಫೆಯ ಕತ್ತಿನ ಹತ್ತು ಫೋಟೋಗಳನ್ನು ಬಿಡದೆ ತೋರಿಸಿದಳು. ಜಮೀಲಾ ಕುರ್ಚಿಗೆ ಬೆನ್ನು ಕೊಟ್ಟು ನೋಡುತ್ತಿದ್ದಳು. ಒಂದು ಫೋಟೋದಲ್ಲಿ ಗಾಡಿಯ ಬಾಗಿಲಿಗೆ ಒರಗಿ ನಿಂತ, ತಲೆ ನರೆತ ಒಬ್ಬ ಎತ್ತರದ ಮನುಷ್ಯ ಕಾಣಿಸಿದ. ಜಮೀಲಾ ಕುರ್ಚಿಯ ಅಂಚಿಗೆ ಬಂದಳು.

‘ಇಂವ ಎಲಿಬರಿಕಿ ಅಲ್ಲೇನು?’

ಎಲಿಬರಿಕಿ ಅರುಷಾದ ಹಳೆಯ ಡ್ರೈವರ್. ಸಾಹೇಬರೇ ಫೋನು ಮಾಡಿ ಪದ್ಮನಾಭನವರಿಗೆ ಗೊತ್ತುಮಾಡಿಕೊಟ್ಟಿದ್ದರು.

‘ಹೌದು ಆಂಟಿ, ಅವ್ರೇ,’ ಎಂದಳು ಚಂಪಾ. ‘ಹೇಳೋದೇ ಮರೆತೆ ನೋಡಿ. ದಿನಾ ನಿಮ್ಮನ್ನೇ ಕೇಳೋರು. ಮಾಮಾ ಫರ್ಹಾನಾ ಹೇಗಿದ್ದಾರೆ, ಮಾಮಾ ಫರ್ಹಾನಾ ಯಾವಾಗ ಬರ್ತಾರೆ ಅಂತ. ನೀವು ಕೊಟ್ಟ ಉಪ್ಪಿನಕಾಯಿ ವಾಸನೆ ನೋಡಿಬಿಟ್ಟು, ಇದು ಅವರ ಕೈದೇ ಅಂದ್ರು. ಆಮೇಲೆ ಬಾಟ್ಲಿ ನಮಗೆ ವಾಪಸ್ ಸಿಗ್ಲೇ ಇಲ್ಲ.’

ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಅಲ್ಲಿ ತಾಯಂದಿರನ್ನು ಅವರ ಹೆಸರಿನಿಂದ ಕರೆಯುವುದಿಲ್ಲ, ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಆಕ್ಲೆಂಡಿಗೆ ಬಂದ ಮೇಲೆ ಜಮೀಲಾ ಎಲ್ಲರಿಗೂ ಆಂಟಿಯಾಗಿದ್ದಳು. ಮಾಮಾ ಫರ್ಹಾನಾ ಎಂದು ಕರೆದವರು ಯಾರೂ ಇರಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ, ಸ್ಯಾಂಡ್ರಿಂಗಮ್ ರೋಡಿಗೆ ತಿರುಗುವ ಸಿಗ್ನಲ್ಲಿನಲ್ಲಿ ನಿಂತಾಗ, ಅವಳು ಮುಂದೆ ನೋಡುತ್ತಲೇ ಅಂದಳು: ‘ಹೋಗೂಣು ನಡ್ರಿ. ಖರೆ ಗಾಡಿ ಕೆಟ್ರ ನೀವು ಕೆಳಗ ಇಳಿಯಾಂಗಿಲ್ಲ.’

ಸಾಹೇಬರು ಆಗಲಿ ಎಂದರು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಸಿಗ್ನಲ್ ಹಸಿರಾದದ್ದು ಅವರಿಗೆ ಕಂಡಿತು.

ಹೊರಡುವುದು ಫೆಬ್ರವರಿಯಲ್ಲಿ ಎಂದು ಅವರೇ ಆರಿಸಿದರು. ಆ ತಿಂಗಳಲ್ಲಿ ಸೆರೆಂಗೆಟಿಯ ತೆಂಕಣ ತುದಿಯ ಎನ್ಡುಟು ಎಂಬ ಬಯಲಿನಲ್ಲಿ ಲಕ್ಷಗಟ್ಟಲೆ ವಿಲ್ಡೆಬೀಸ್ಟ್‌ಗಳು, ಗಡ್ಡ ಬಿಟ್ಟ ಕಾಡುದನಗಳಂಥವು, ಕರು ಹಾಕುತ್ತವೆ. ಊರಿಗೆಲ್ಲ ಸಲಹೆ ಕೊಟ್ಟ ಮನುಷ್ಯ ತಾನು ಹೊರಡುವಾಗ ಒಂದನ್ನೂ ನೆಟ್ಟಗೆ ಮಾಡಲಿಲ್ಲ. ಹಳದಿ ಜ್ವರದ ಹಳೆಯ ಕಾರ್ಡು ಎಲ್ಲಿಟ್ಟಿದ್ದರೋ ಸಿಗದೆ ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾಯಿತು, ಅದೂ ಹೊರಡಲು ಹನ್ನೊಂದು ದಿನ ಇರುವಾಗ. ಹೊಸದಾಗಿ ಕೊಂಡ ಜಾಕೆಟ್ಟು ಕಡು ನೀಲಿ. ಜಮೀಲಾ ಚೀಲ ಎತ್ತಲಾರದೆ ಬಿಚ್ಚಿ ನೋಡಿದರೆ ತಳದಲ್ಲಿ ಸ್ಪ್ಯಾನರುಗಳ ಕಟ್ಟು.

‘ನೀವೇನು ಸಫಾರಿಗೆ ಹೊಂಟೀರೋ, ಡ್ಯೂಟಿಗೆ ಹೊಂಟೀರೋ?’ ಎಂದು ಅದನ್ನು ತೆಗೆದು ಸಿಂಕಿನ ಕೆಳಗಿಟ್ಟಳು. ಜಾಕೆಟ್ಟನ್ನು ಅಂಗಡಿಗೆ ಹಿಂದಿರುಗಿಸಿ ಬೂದುಬಣ್ಣದ್ದು ತಂದಳು. ಮಾತ್ರೆಯ ಡಬ್ಬಿಯ ಮೇಲೆ ದಿನ ಬರೆದಳು.

ದುಬೈ ದಾಟಿ, ನೈರೋಬಿಯಲ್ಲಿಳಿದು, ಬಸ್ಸಿನಲ್ಲಿ ಗಡಿ ದಾಟಿ ಅರುಷಾ ಮುಟ್ಟುವ ಹೊತ್ತಿಗೆ ಇಬ್ಬರಿಗೂ ಸೊಂಟ ಹಿಡಿದಿತ್ತು. ಬಸ್ಸಿನ ಮೆಟ್ಟಿಲ ಬುಡದಲ್ಲೇ ಎಲಿಬರಿಕಿ ನಿಂತಿದ್ದ. ‘ಮಾಮಾ ಫರ್ಹಾನಾ!’ ಎಂದು ಕೂಗಿದ. ಜಮೀಲಾ ಸ್ವಾಹಿಲಿಯಲ್ಲಿ ಮಾತಾಡಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವನ ಹೆಂಡತಿ, ಐದು ಮಕ್ಕಳು, ಮಾರುಕಟ್ಟೆಯ ಟೊಮೆಟೊ ಮಾರುವವಳು, ಎಲ್ಲರನ್ನೂ ಹೆಸರು ಹಿಡಿದು ಕೇಳಿದಳು. ಸಾಹೇಬರದು ವರ್ಕ್‌ಶಾಪಿನ ಸ್ವಾಹಿಲಿ. ಅದರಲ್ಲಿ ಸುಖದುಃಖಕ್ಕೆ ಪದಗಳು ಕಡಿಮೆ. ಅವರು ಚೀಲ ಹಿಡಿದುಕೊಂಡು ಹಿಂದೆ ನಿಂತರು.

ಸಫಾರಿಯ ಮೊದಲ ಎರಡು ದಿನ ಅವರು ಕಾಡನ್ನು ನೋಡಲಿಲ್ಲ, ಗಾಡಿಯನ್ನು ಕೇಳಿದರು. ಜಿರಾಫೆಗಳ ಹಿಂಡು ದಾರಿ ದಾಟುವಾಗ, ‘ನಾಕನೇ ಇಂಜೆಕ್ಟರ್ ಸರಿ ಇಲ್ಲ,’ ಎಂದರು. ಆನೆ ಮರಿಗೆ ಹಾಲೂಡುವಾಗ, ‘ಹಿಂದಿನ ಶಾಕ್ ಅಬ್ಸಾರ್ಬರ್ ಹೋಗೇತಿ,’ ಎಂದರು. ಜಮೀಲಾ ಗೋರೊಂಗೊರೊದ ಹಳೆಯ ಜ್ವಾಲಾಮುಖಿಯ ಕುಣಿಯ ಅಂಚಿನಲ್ಲಿ ನಿಂತು ಕೆಳಗಿನ ಸರೋವರವನ್ನು ಅರ್ಧ ಗಂಟೆ ನೋಡಿದಳು. ತಿರುಗಿದರೆ ಗಂಡ ಬಾನೆಟ್ ತೆಗೆದು ತಲೆ ಒಳಗಿಟ್ಟಿದ್ದ.

‘ಕಿವಿ ಮುಚ್ಚ್ರಿ, ಕಣ್ ತೆಗೀರಿ,’ ಎಂದಳು. ‘ಉಳಿದ ದಿನಾನಾರ.’

ಮೂರನೆಯ ದಿನ ಎನ್ಡುಟು ಬಯಲಿಗೆ ಹೋದರು. ಕಣ್ಣು ಹಾಯುವ ತನಕ ಗಿಡ್ಡ ಹಸಿರು ಹುಲ್ಲು, ಅದರ ತುಂಬ ಕಪ್ಪು ಕಪ್ಪು ದನಗಳು, ಅವುಗಳ ಸಂದಿಯಲ್ಲಿ ತಡವರಿಸುತ್ತ ನಿಲ್ಲುವ ಕಂದು ಕರುಗಳು. ಹನ್ನೊಂದು ಗಂಟೆಯ ಬಿಸಿಲು. ಒಂದು ಮರವಿಲ್ಲ. ಅಲ್ಲಿ ಹಿಂದಿನ ಎಡಗಡೆಯ ಟಯರು ಉಸ್ಸೆಂದಿತು. ಎಲಿಬರಿಕಿ ಸುತ್ತಲೂ ದುರ್ಬೀನು ಹಾಯಿಸಿ ನೋಡಿ ಕೆಳಗಿಳಿದ. ಸಾಹೇಬರು ಕೂತಲ್ಲೇ ಕುದಿಯುತ್ತಾ ಹೆಂಡತಿಯ ಮುಖ ನೋಡಿದರು. ಮಾತು ಕೊಟ್ಟಿದ್ದರಲ್ಲ. ಜಾಕ್ ಏರಿಸುವ ಎಲಿಬರಿಕಿಯ ಏದುಸಿರು ಕೇಳಿಸುತ್ತಿತ್ತು. ಅವನಿಗೆ ಅರವತ್ತಾಗಿತ್ತು.

‘ಹೋಗ್ರಿ ಹೋಗ್ರಿ,’ ಎಂದಳು ಜಮೀಲಾ. ‘ನಿಮ್ಮ ಮಾರಿ ನೋಡಾಕಾಗೂದಿಲ್ಲ. ಲಗೂ ಬರ್ರಿ. ನಾ ಮ್ಯಾಲಿಂದ ಕಾಯತೀನಿ.’

ಗಾಡಿಯ ಚಾವಣಿ ಮೇಲಕ್ಕೆ ಏಳುವಂಥದ್ದು. ಜಮೀಲಾ ಸೀಟಿನ ಮೇಲೆ ನಿಂತು ತಲೆ ಹೊರಗೆ ಹಾಕಿ ನಾಲ್ಕು ದಿಕ್ಕೂ ನೋಡುತ್ತಿದ್ದಳು. ಕೆಳಗೆ ಸಾಹೇಬರು ಮೂರು ದಿನಗಳಲ್ಲಿ ಮೊದಲ ಬಾರಿ ಸುಖವಾಗಿದ್ದರು. ಹಳೆಯ ಟಯರು ಕಳಚಿತು, ಹೊಸದು ಏರಿತು, ಆರು ನಟ್ಟಿನಲ್ಲಿ ನಾಲ್ಕು ಬಿಗಿಯಾದವು.

‘ಏನ್ರೀ, ಒಳಗ ಬರ್ರಿ,’ ಎಂದು ಮೇಲಿಂದ ದನಿ ಬಂತು. ಕೂಗಲಿಲ್ಲ. ಚಹಾ ಆಗಿದೆ ಎಂದು ಕರೆಯುವ ದನಿ.

‘ಎರಡ ನಟ್ಟು ಅದಾವ.’

‘ನಟ್ಟು ಅಲ್ಲೇ ಇರಲಿ. ಸಾವಕಾಶ ಎದ್ದು ಈ ಕಡೀ ಬಾಗಿಲಾಗ ಒಳಗ ಬರ್ರಿ. ಓಡಬ್ಯಾಡ್ರಿ.’ ಅದನ್ನೇ ಎಲಿಬರಿಕಿಗೆ ಸ್ವಾಹಿಲಿಯಲ್ಲಿ ಹೇಳಿದಳು. ಅವನು ತಲೆ ಎತ್ತಿ ನೋಡಿ, ಸ್ಪ್ಯಾನರನ್ನು ಹುಲ್ಲಿನ ಮೇಲೆ ಬಿಟ್ಟು, ಸಾಹೇಬರ ತೋಳು ಹಿಡಿದು ಒಳಗೆ ತಳ್ಳಿದ.

ಒಂದು ಸಿಂಹಿಣಿ ಬರುತ್ತಿತ್ತು. ಅದರ ಹಿಂದೆ ಸಾಲಾಗಿ ಮೂರು ಮರಿ. ಅದಕ್ಕೆ ಯಾರನ್ನೂ ತಿನ್ನುವ ಯೋಚನೆ ಇರಲಿಲ್ಲ, ಹೊಟ್ಟೆ ತುಂಬಿ ಜೋತಿತ್ತು. ಬೇಕಾಗಿದ್ದದ್ದು ನೆರಳು. ಆ ಬಯಲಿನಲ್ಲಿ ನೆರಳು ಅಂತ ಇದ್ದದ್ದು ಈ ಗಾಡಿಯದೊಂದೇ. ನೆಟ್ಟಗೆ ಬಂದು, ನಾಲ್ಕು ನಟ್ಟಿನ ಚಕ್ರಕ್ಕೆ ಬೆನ್ನು ಹಚ್ಚಿ, ದಬ್ಬೆಂದು ಮಲಗಿತು.

ಎಲಿಬರಿಕಿ ಚಾವಣಿ ಇಳಿಸಿದ. ‘ಪೋಲೆ ಪೋಲೆ,’ ಎಂದ. ನಿಧಾನ, ನಿಧಾನ. ಅದು ಏಳುವ ತನಕ ನಾವೂ ಏಳುವ ಹಾಗಿಲ್ಲ. ಊಟದ ಡಬ್ಬಿಗಳಲ್ಲಿ ಕೋಳಿ ಇತ್ತು, ಅದನ್ನು ತೆರೆಯಕೂಡದು ಎಂದ. ಮೂವರೂ ಒಂದೊಂದು ಬಾಳೆಹಣ್ಣು ತಿಂದು ಕೂತರು.

ಕಿಟಕಿಯ ಗಾಜಿಗೆ ಹಣೆ ಹಚ್ಚಿದರೆ ಜಮೀಲಾಳಿಗೆ ಸಿಂಹಿಣಿಯ ಕಿವಿ ಕಾಣುತ್ತಿತ್ತು, ಕಿವಿಯಲ್ಲಿದ್ದ ಹರಕು ಕಾಣುತ್ತಿತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಮರಿಗಳು ತಾಯಿಯ ಹೊಟ್ಟೆ ತುಳಿದು, ಬಾಲ ಕಚ್ಚಿ, ಮುಖದ ಮೇಲೆ ಬಿದ್ದವು. ಅದು ಒಮ್ಮೆ ಗುರ್ರೆಂದು, ಮತ್ತೆ ತಲೆ ನೆಲಕ್ಕಿಟ್ಟಿತು.

‘ದಣದೈತಿ ಪಾಪ,’ ಎಂದು ಜಮೀಲಾ ಪಿಸುಗುಟ್ಟಿದಳು. ‘ಒಂದ್ ಗಳಿಗಿ ಮಲಗಾಕ ಬಿಡವಲ್ವು. ಕಣ್ಣಿಗೆ ನೊಣ ನೋಡ್ರಿ.’

ಎಂಜಿನ್ ಬಂದಾಗಿತ್ತು. ಕೇಳಲು ಏನೂ ಇರಲಿಲ್ಲ. ಸಾಹೇಬರು ಹೆಂಡತಿಯ ಪಕ್ಕಕ್ಕೆ ಸರಿದು ಅದೇ ಕಿಟಕಿಯಲ್ಲಿ ನೋಡಿದರು. ಇಂಥ ಬಯಲಿಗೆ ಅವರು ನೂರು ಸಲವಾದರೂ ಬಂದಿದ್ದಾರು. ಸಿಂಹದ ಉಸಿರಿಗೆ ಹುಲ್ಲು ಅಲ್ಲಾಡುತ್ತದೆ ಎಂದು ಗೊತ್ತಿರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವರ ಬಾಯಿಂದ ಮಾತು ಹೊರಟಿತು.

‘ಜಮೀಲಾ, ಅವತ್ತ ಪೂರಿ ಮಾಡಿದ್ದಿಯಲ್ಲ, ಆಕ್ಸಲ್ ಮುರಿದ ದಿನ. ಗಾಡಿಯೊಳಗ ಜಾಗಾ ಇಲ್ಲ ಅಂದಿದ್ದೆ.’

‘ಹೂಂ.’

‘ಜಾಗಾ ಇತ್ತು. ನಿಮ್ಮನ್ನ ಕರಕೊಂಡ್ರ ತಡಾ ಆಗತೈತಿ ಅಂತ ಹಂಗ ಅಂದೆ.’

‘ಗೊತ್ತಿತ್ತು.’

‘ಗೊತ್ತಿತ್ತೇನು?’

‘ಕಿಡಕ್ಯಾಗ ನಿಂತು ನೋಡೀನಲ್ಲ. ಹಿಂದಿನ ಸೀಟು ಪೂರಾ ಖಾಲಿ ಇತ್ತು. ಫರ್ಹಾನಾ ಕೇಳಿದ್ಲು, ಅಮ್ಮಾ ಜಾಗಾ ಐತಲ್ಲ ಅಂತ. ಅದರಾಗ ಸಾಮಾನು ಇಡತಾರವ್ವಾ ಅಂದೆ.’

ಹದಿನಾಲ್ಕು ವರ್ಷ. ಅಷ್ಟು ವರ್ಷ ಈ ಮಾತನ್ನು ಹೊತ್ತುಕೊಂಡು, ಒಂದು ದಿನವೂ ಆಡದೆ, ಅಂಗಿಯ ಧೂಳು ಒಗೆದಿದ್ದಳು. ಸಾಹೇಬರು ಕ್ಷಮಿಸು ಎನ್ನಲು ಅವಳ ಕಡೆ ತಿರುಗಿದರು. ಎಲಿಬರಿಕಿಗೆ ಕನ್ನಡ ಬಾರದಿದ್ದರೂ ಅವನು ಮುಖ ಆಚೆ ತಿರುಗಿಸಿ ವಿಲ್ಡೆಬೀಸ್ಟ್‌ಗಳನ್ನು ನೋಡತೊಡಗಿದ.

ಜಮೀಲಾ ಗಂಡನ ಕೈಯನ್ನು ಹುಡುಕಿ ಹಿಡಿದಳು. ಗ್ರೀಸಿನ ಕೈ. ‘ಈಗ ಮಾತ ಬ್ಯಾಡ,’ ಎಂದಳು. ‘ಸಣ್ಣದು ಏಳಾಕತ್ತೈತಿ, ನೋಡ್ರಿ.’

ಎಲ್ಲಕ್ಕಿಂತ ಸಣ್ಣ ಮರಿ ಎದ್ದು, ಆಕಳಿಸಿ, ಎಲಿಬರಿಕಿ ಬಿಟ್ಟುಬಂದ ಸ್ಪ್ಯಾನರನ್ನು ಮೂಸಿ, ಕಚ್ಚಿ, ರುಚಿ ಹತ್ತದೆ ಸೀನಿತು. ಜಮೀಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸಾಹೇಬರಿಗೂ ಕಣ್ಣಲ್ಲಿ ನೀರು ಬಂತು, ಅದು ನಗೆಯದೇ ಎಂದು ಹೇಳಲಾಗುವುದಿಲ್ಲ.

ಹೆಚ್ಚುಕಡಿಮೆ ಎರಡು ತಾಸಿನ ಮೇಲೆ ನೆರಳು ಆಚೆ ಸರಿದು ಸಿಂಹಿಣಿಯ ಬೆನ್ನಿಗೆ ಬಿಸಿಲು ಬಿತ್ತು. ಅದು ಎದ್ದು ಮೈ ಮುರಿದು, ಮರಿಗಳನ್ನು ಕರೆದುಕೊಂಡು ತನ್ನ ದಾರಿ ಹಿಡಿಯಿತು. ಅದು ಚುಕ್ಕೆಯಾಗುವ ತನಕ ಕಾದು, ಎಲಿಬರಿಕಿ ಕೆಳಗಿಳಿದು ಉಳಿದ ಎರಡು ನಟ್ಟು ಬಿಗಿದ. ಸಾಹೇಬರು ಇಳಿಯಲಿಲ್ಲ.

ಉಳಿದ ನಾಲ್ಕು ದಿನ ಅವರು ಎಂಜಿನ್ನಿನ ಸುದ್ದಿ ಎತ್ತಿದ್ದು ಎರಡೇ ಸಲ. ಅರುಷಾಕ್ಕೆ ಬಂದ ಮೇಲೆ ಎಲಿಬರಿಕಿಯ ಮನೆಯಲ್ಲಿ ಜಮೀಲಾ ಉಪ್ಪಿನಕಾಯಿ ಹಾಕಿಟ್ಟಳು, ಸಾಹೇಬರು ಅವನ ಗಾಡಿಯ ನಾಲ್ಕನೆಯ ಇಂಜೆಕ್ಟರ್ ಬಿಚ್ಚಿ ಸರಿ ಮಾಡಿದರು. ಅದಕ್ಕೆ ಅವಳ ತಕರಾರಿರಲಿಲ್ಲ. ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಜಮೀಲಾ ಹೊರಗಿನ ಮಣ್ಣು ಬೀಜ ತಡೆಯುವ ಅಧಿಕಾರಿಯ ಮುಂದೆ ಬೂಟು, ಮರದ ಚಮಚ, ಮೊಮ್ಮಗನಿಗೆ ತಂದ ಮರದ ಆನೆ ಎಲ್ಲವನ್ನೂ ತಾನಾಗಿಯೇ ತೆಗೆದು ಸಾಲಾಗಿ ಜೋಡಿಸಿದಳು. ಹಳೆಯ ಬ್ರಷ್ಷಿನಿಂದ ಬೂಟಿನ ಅಡಿಯನ್ನು ಅವಳು ಹೋಟೆಲಿನಲ್ಲೇ ಉಜ್ಜಿದ್ದಳು. ಅಧಿಕಾರಿ ಹೆಣ್ಣುಮಗಳು ಬೂಟನ್ನು ತಿರುಗಿಸಿ ನೋಡಿ, ಇಷ್ಟು ಸ್ವಚ್ಛ ಬೂಟು ಈ ವಾರ ನೋಡಿಲ್ಲ ಎಂದಳು.

ಆಮೇಲೆಯೂ ಜನ ಶನಿವಾರ ಬರುತ್ತಲೇ ಇದ್ದರು. ಮೊದಮೊದಲು ಸಾಹೇಬರು ಹೇಳುತ್ತಿದ್ದ ಮಾತಿಗೆ ಜಮೀಲಾ ಅಡುಗೆಮನೆಯಿಂದ ತಿದ್ದುಪಡಿ ಹಾಕುತ್ತಿದ್ದಳು. ಕ್ರಮೇಣ ಅವಳೇ ನಕ್ಷೆಯ ಮುಂದೆ ಕೂತಳು, ಚಹಾ ಮಾಡುವುದು ಸಾಹೇಬರ ಪಾಲಿಗೆ ಬಂತು. ಸಕ್ಕರೆ ಜಾಸ್ತಿ ಹಾಕುತ್ತಾರೆ ಎಂಬ ದೂರಿತ್ತು. ಸೂಜಿ, ಮಾತ್ರೆ, ಬಟ್ಟೆಚೀಲ, ಬಟ್ಟೆಯ ಬಣ್ಣ, ಎಲ್ಲ ಸಲಹೆಯೂ ಗಂಡನದೇ. ಮೊದಲ ಪ್ರಶ್ನೆ ಮಾತ್ರ ಅವಳದಾಗಿತ್ತು.

ಎರಡು ಸಾವಿರದ ಎಂಟರಲ್ಲಿ ಹ್ಯಾಮಿಲ್ಟನ್ನಿನಿಂದ ವೆಂಕಟೇಶ್ ಎಂಬ ಬೆಂಗಳೂರಿನವನು ಫೋನು ಮಾಡಿದ. ಜೂನ್ ಒಳ್ಳೆಯದೋ, ಸೆಪ್ಟೆಂಬರ್ ಒಳ್ಳೆಯದೋ ಎಂದು ಕೇಳಿದ.

‘ಅದನ್ನ ಆಮ್ಯಾಲೆ ನೋಡೂಣು,’ ಎಂದಳು ಜಮೀಲಾ. ‘ಯಾರ್ಯಾರು ಹೊಂಟೀರಿ?’

‘ನಾನು, ನನ್ನ ಇಬ್ಬರು ಫ್ರೆಂಡ್ಸು ಆಂಟಿ. ನನ್ನ ವೈಫ್‌ಗೆ ಇದೆಲ್ಲ ಅಷ್ಟು ಇಂಟರೆಸ್ಟ್ ಇಲ್ಲ.’

‘ಆಕೀನ ಹಂಗಂದಳೇನು?’

‘ಕೇಳಿಲ್ಲ ಆಂಟಿ,’ ಎಂದ ವೆಂಕಟೇಶ್.

‘ಹಂಗಾರ ಫೋನ್ ಆಕಿ ಕೈಯಾಗ ಕೊಡಪ್ಪಾ,’ ಎಂದು ಜಮೀಲಾ ಕುರ್ಚಿ ಎಳೆದುಕೊಂಡು, ಸಾವಕಾಶ ಮಾತಾಡಲು ಕೂತಳು.